ಫಿಲ್ಟರಿಗೆ ಸುತ್ತಿದ ಎಳೆ

ನಮ್ಮ ಚಿಕ್ಕಪ್ಪನ ಬೆರಳ ತುದಿಗಳು ಯಾವಾಗಲೂ ನೆನೆಹಾಕಿದ ಅವರೆಕಾಳಿನ ಹಾಗೆ ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಶಿಡ್ಲಘಟ್ಟದ ರೀಲರುಗಳ ಕೈಯೇ ಹಾಗೆ. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡಿನಿಂದ ಎಳೆ ಹಿಡಿದು ನೂಲು ಬಿಚ್ಚುವ ಕೈ ಮತ್ತೆ ಹೇಗಿರಬೇಕು? ಆದರೆ ಅವರ ಬಲಗೈಯ ತೋರುಬೆರಳು ನಡುಬೆರಳಿನ ಸಂದಿಯಲ್ಲೊಂದು ಹಳದಿ ಕಲೆ ಇತ್ತು. ದಿನವಿಡೀ ಆ ಬಿಸಿನೀರು ತೊಳೆದರೂ ಅದು ಹೋಗುತ್ತಿರಲಿಲ್ಲ. ಸಿಗರೇಟಿನ ಕಲೆ.

ಅವರು ನನ್ನ ಅಮ್ಮನ ತಂಗಿಯ ಗಂಡ. ಗೌರಿಬಿದನೂರಿನಿಂದ ರಜೆಗೆಂದು ಹೋದವಳು ಅವರ ರೀಲಿಂಗ್ ಶೆಡ್ಡಿನಲ್ಲೇ ದಿನ ಕಳೆಯುತ್ತಿದ್ದೆ. ಬೆಂದ ಹುಳುವಿನ ವಾಸನೆಗೆ ನಮ್ಮಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಅದು ಕಥೆಯ ವಾಸನೆ. ಚಿಕ್ಕಪ್ಪ ಕೈಯಲ್ಲಿ ನೂಲು ಬಿಚ್ಚುತ್ತ ಬಾಯಲ್ಲಿ ಕಥೆ ಬಿಚ್ಚುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಕೆಮ್ಮು. ಕಥೆ ಎಲ್ಲಿಗೋ ಹೋಗಿ ಮರೆತುಬಿಟ್ಟರೆ ನಗುತ್ತಿದ್ದರು: "ಎಳೆ ತುಂಡಾಯ್ತು ಕಣಮ್ಮಣ್ಣಿ. ಇರು, ತುದಿ ಎಲ್ಲೂ ಹೋಗಿರಲ್ಲ, ನೀರಲ್ಲೇ ಐತೆ." ಒಂದು ಗಳಿಗೆ ಕಣ್ಣು ಮುಚ್ಚಿ, ಬಿಟ್ಟ ಮಾತಿಗೇ ಮುಂದಿನ ಮಾತು ಸೇರಿಸುತ್ತಿದ್ದರು. ಗಂಟು ಎಲ್ಲಿ ಬಿತ್ತೆಂದು ಕಾಣುತ್ತಲೇ ಇರಲಿಲ್ಲ. ನಾನಿವತ್ತು ನಾಲ್ಕು ಸಾಲು ಬರೆಯುತ್ತೇನೆಂದರೆ ಕಲಿತದ್ದು ಆ ಶೆಡ್ಡಿನಲ್ಲಿ.

ಅವರಿಗೊಂದು ಹೆಮ್ಮೆಯಿತ್ತು. ತಮ್ಮ ನೂಲು ಅಳತೆಯ ಮಿಷನ್ನಿನ ಪರೀಕ್ಷೆಗೆ ಹೋಗಿ ಬಂದರೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ ಅಂತ. ಒಮ್ಮೆ ದಪ್ಪ ತೆಳು ಹೆಚ್ಚುಕಡಿಮೆ ಎಂದು ಮಾಲು ವಾಪಸು ಬಂದಾಗ ಜೊತೆಯ ರೀಲರು, "ಮಿಷನ್ನೇ ಸರಿಯಿಲ್ಲ ಬಿಡಣ್ಣ" ಎಂದರು. ಚಿಕ್ಕಪ್ಪ ಒಪ್ಪಲಿಲ್ಲ. "ಮಿಷನ್ಗೇನ್ ನನ್ ಮೇಲೆ ಹಗೇನಾ? ಕೈ ತಪ್ಪೈತೆ, ನಂದೇ."

ಈ ಸ್ವಭಾವವೇ ಮುಂದೆ ಅವರನ್ನು ಕೊಂದಿತು ಎಂದು ಬರೆಯಹೊರಟೆ. ಇಲ್ಲ, ಬರೆಯುವುದಿಲ್ಲ. ಕೊಂದವರು ಬೇರೆ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ಮೆಟ್ಟಿಲು ಹತ್ತಿದರೆ ಚಿಕ್ಕಪ್ಪನ ಎದೆ ಸಿಳ್ಳೆ ಹೊಡೆಯಲು ಶುರುವಾಯಿತು. ಊರಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, "ಯಜಮಾನ್ರೇ, ಸಿಗರೇಟು ಬಿಡ್ತೀರೋ, ಹೆಂಡ್ತೀನ ಬಿಟ್ಟು ಹೋಗ್ತೀರೋ?" ಎಂದರಂತೆ. ಚಿಕ್ಕಪ್ಪ ಹೆದರಿದರು. ಹೆದರಿ, ನಿಜವಾಗಿಯೂ ಬಿಟ್ಟರು! ಜೇಬಿನ ತುಂಬ ಹುರಿಗಡಲೆ ತುಂಬಿಕೊಂಡು, ಯಾರ ಮೇಲೆಂದರೆ ಅವರ ಮೇಲೆ ರೇಗುತ್ತ, ನೂಲು ಬಿಚ್ಚುವಾಗ ಎಳೆ ಕಡಿದುಕೊಳ್ಳುತ್ತ, ವಾರಗಟ್ಟಲೆ ಹಲ್ಲುಕಚ್ಚಿ ತಡೆದರು. ಚಿಕ್ಕಮ್ಮ ಹಬ್ಬವಿಲ್ಲದೆ ಒಬ್ಬಟ್ಟು ಮಾಡಿದಳು. "ಬೈಲಿ ಬಿಡಕ್ಕ, ಬೈಯೋಕಾದ್ರೂ ಇರ್ತಾರಲ್ಲ" ಎಂದು ನಮ್ಮಮ್ಮನ ಹತ್ತಿರ ಹೇಳಿಕೊಂಡು ನಕ್ಕಳು.

ಆಮೇಲೆ ಬಂದರು, ಸಿಗರೇಟು ಕಂಪನಿಯ ಹುಡುಗರು. ಗೂಡಿನ ಮಾರುಕಟ್ಟೆಯ ಪಕ್ಕದ ಟೀ ಅಂಗಡಿಯ ಮುಂದೆ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು, ಹಾಲಿನಂಥ ಬಿಳಿ ಪ್ಯಾಕು ಹಿಡಿದು ನಿಂತಿದ್ದರಂತೆ. ಚಿಕ್ಕಪ್ಪ ಮುಖ ತಿರುಗಿಸಿ, "ಬೇಡಪ್ಪ, ನಾನ್ ಬಿಟ್ಟಿದೀನಿ, ಎದೆ ಸರಿಯಿಲ್ಲ" ಎಂದಿದ್ದಾರೆ. ಎದುರಿಗಿದ್ದ ಹುಡುಗನಿಗೆ ಬೇಕಾಗಿದ್ದದ್ದೂ ಅದೇ ಮಾತು.

"ಅಂಥೋರ್ಗೇ ಸಾರ್ ಇದು ಮಾಡಿರೋದು. ಲೈಟು. ಮಿಷನ್ನಲ್ಲಿ ಅಳತೆ ಮಾಡಿ ಹೊಗೇಲಿರೋ ಟಾರು ಜಿಡ್ಡು ಕಮ್ಮಿ ಮಾಡವ್ರೆ. ಎದೆಗೆ ಭಾರ ಇಲ್ಲ."

ಮಿಷನ್ನಲ್ಲಿ ಅಳೆದದ್ದು! ಚಿಕ್ಕಪ್ಪನಿಗೆ ಇನ್ನೇನು ಸಾಕ್ಷಿ ಬೇಕು? ಅವತ್ತು ಮನೆಗೆ ಬಂದವರ ಬಾಯಲ್ಲಿ ಹೊಗೆ, ಮುಖದಲ್ಲಿ ಹಬ್ಬ. "ಇದು ಆ ಸಿಗರೇಟಲ್ಲ ಕಣೇ, ಔಷಧಿ ಥರ" ಎಂದರು. ಚಿಕ್ಕಮ್ಮ ಉಳಿದಿದ್ದ ಒಬ್ಬಟ್ಟಿನ ಡಬ್ಬಿ ಎತ್ತಿ ಅಂಗಳಕ್ಕೆಸೆದಳು.

ಆ ಹೊಸ ಸಿಗರೇಟು ಅವರಿಗೆ ಸಪ್ಪೆಯಾಗಿತ್ತು. "ಎಳೆದ್ರೆ ಬರೀ ಗಾಳಿ ಬರ್ತೈತೆ, ಎಲ್ಲೋ ಸೋರ್ತೈತೆ" ಎಂದು ಗೊಣಗಿದರು. ಸೋರುವುದನ್ನು ಮುಚ್ಚುವುದು ರೀಲರಿಗೆ ಹೇಳಿಕೊಡಬೇಕೇ? ನೀರಿನಲ್ಲಿ ತೇಲುತ್ತಿದ್ದ ಒಂದು ಎಳೆ ಎತ್ತಿ, ಅಂಟು ಆರುವ ಮೊದಲೇ ಫಿಲ್ಟರಿನ ಸುತ್ತ ಒತ್ತಾಗಿ ಸುತ್ತಿದರು. ರೇಷ್ಮೆಯ ಅಂಟು ಒಣಗಿ ಕಾಗದಕ್ಕೆ ಕಚ್ಚಿಕೊಂಡಿತು. ಎಳೆದು ನೋಡಿ, "ಹಾ! ಈಗ ಸರಿಹೋಯ್ತು" ಎಂದರು. ಅಲ್ಲಿಂದಾಚೆ ಬೆಳಿಗ್ಗೆ ನೀರು ಕಾದು ಮೊದಲ ಗೂಡು ಬಿಚ್ಚಿದ ಕೂಡಲೇ ಪ್ಯಾಕಿನಲ್ಲಿದ್ದಷ್ಟಕ್ಕೂ ಎಳೆ ಸುತ್ತಿಡುವುದು ಅವರ ಅಭ್ಯಾಸ. ನೋಡಲು ಎಷ್ಟು ಚೆಂದವಿತ್ತು ಗೊತ್ತೇ? ಹೊನ್ನಿನ ಉಂಗುರ ತೊಟ್ಟ ಹಾಗೆ. ಲೈಟು ತಾನೇ ಎಂದು ಮೊದಲಿಗಿಂತ ಹೆಚ್ಚೇ ಸೇದಿದರು.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಕೆಮ್ಮಿದಾಗ ರಕ್ತ ಕಾಣಿಸಿಕೊಂಡಿತು. ಬೆಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ; ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದರು. ಚಿಕ್ಕಪ್ಪ ಜೇಬಿನಿಂದ ಬಿಳಿ ಪ್ಯಾಕು ತೆಗೆದು, "ನಾನ್ ಸೇದಿದ್ದು ಲೈಟು ಡಾಕ್ಟ್ರೇ" ಎಂದು ಡಾಕ್ಟರಮ್ಮನ ಮುಂದೆ ಇಟ್ಟರು, ಪಾಸಾದ ಪರೀಕ್ಷೆಯ ಅಂಕಪಟ್ಟಿ ತೋರಿಸುವವರ ಹಾಗೆ.

ಆಕೆ ಒಂದು ಸಿಗರೇಟು ತೆಗೆದು, ಎಳೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದರು. ಫಿಲ್ಟರಿನ ಸುತ್ತ ಸೂಜಿಮೊನೆಯಂಥ ತೂತುಗಳು, ಸಾಲಾಗಿ.

"ಲೈಟು ಅಂದ್ರೆ ಇಷ್ಟೇ. ಹೊಗೆ ಅಳೆಯೋ ಮಿಷನ್ನು ಸಿಗರೇಟಿನ ತುದೀನ ಮಾತ್ರ ಹಿಡಿಯತ್ತೆ, ಈ ತೂತಲ್ಲಿ ಗಾಳಿ ಬೆರೆತು ಟಾರು ಕಮ್ಮಿ ಅಂತ ತೋರಿಸತ್ತೆ. ಮನುಷ್ಯರು ಸೇದುವಾಗ ಬೆರಳೋ ತುಟಿಯೋ ತೂತು ಮುಚ್ಚತ್ತೆ. ಮುಚ್ಚದಿದ್ರೂ ಸಪ್ಪೆ ಅಂತ ಜೋರಾಗಿ ಎಳೀತಾರೆ. ಮಾಡ್ದೋರಿಗೆ ಇದೆಲ್ಲ ಗೊತ್ತು."

ನನ್ನ ಮೈ ಉರಿದುಹೋಯಿತು. ಗೊತ್ತು! ಗೊತ್ತಿದ್ದೇ ತೂತು ಕೊರೆದರು. ಹೆದರಿ ಹೊರಗೆ ಹೋಗಲು ಬಾಗಿಲ ತನಕ ಬಂದಿದ್ದ ಮನುಷ್ಯನನ್ನು ಕೈಹಿಡಿದು ಮತ್ತೆ ಒಳಕ್ಕೆ ಕರೆದುಕೊಂಡರು. ಅವರು ಮಾಡಿದ್ದು ಕಡಿಮೆ ಕೆಡುಕಿನ ಸಿಗರೇಟಲ್ಲ, ಬಿಟ್ಟವರನ್ನು ಹಿಡಿದು ತರುವ ಗಾಳ. ಓದಿದವರು, ಕೋಟು ಹಾಕಿದವರು, ತಣ್ಣನೆಯ ಕೋಣೆಯಲ್ಲಿ ಕೂತು ಯೋಚಿಸಿ ಮಾಡಿದ ಕೆಲಸವಿದು. ಅವರ ಮನೆಯ ಒಬ್ಬಟ್ಟು ಯಾರೂ ಅಂಗಳಕ್ಕೆಸೆದಿರಲಾರರು.

ಆದರೆ ಚಿಕ್ಕಪ್ಪ ನೋಡುತ್ತಿದ್ದದ್ದು ಆ ಬಿಚ್ಚಿದ ಎಳೆಯನ್ನು. ಅದನ್ನೆತ್ತಿ ಬೆರಳಿಗೆ ಸುತ್ತಿಕೊಳ್ಳುತ್ತ ಅಂದರು: "ಹಂಗಾದ್ರೆ ಅವ್ರ ಮಾಲು ಸರಿಯಾಗೇ ಇತ್ತು. ನಾನೇ ಮುಚ್ಚಿ ಕೆಡಿಸ್ಕೊಂಡೆ."

"ಅಲ್ಲ ಚಿಕ್ಕಪ್ಪ! ಎಳೆ ಸುತ್ತದೇ ಇದ್ರೂ ಅಷ್ಟೇ ಅಂತ ಅವ್ರು ಹೇಳ್ತಿರೋದು ಕೇಳಿಸ್ಲಿಲ್ವಾ?"

"ಮಿಷನ್ ಅಳತೆ ಸುಳ್ಳಾಗ್ತದಾ, ಅಮ್ಮಣ್ಣಿ? ಕೈ ತಪ್ಪು, ನಂದೇ."

ಉಳಿದ ದಿನಗಳಲ್ಲಿ ನಾನೂ ಹೇಳಿದೆ, ಚಿಕ್ಕಮ್ಮನೂ ಹೇಳಿದಳು. ಹಟ ಮಾಡಿದಳು, ಅತ್ತಳು, "ಆ ಮನೆಹಾಳರನ್ನ ಒಂದ್ಸಲ ಬಾಯ್ತುಂಬ ಬೈದ್ಬಿಡ್ರೀ, ನನ್ ಹೊಟ್ಟೆ ತಣ್ಣಗಾಗ್ಲಿ" ಎಂದಳು. ಮನೆಮಂದಿಯನ್ನೆಲ್ಲ ಬೈದ ಆ ಬಾಯಿಗೆ ಕಂಪನಿಯ ಮೇಲೆ ಒಂದು ಮಾತು ಬರಲಿಲ್ಲ. ಕಂಪನಿಯವರು ಜೀವವನ್ನಂತೂ ತೆಗೆದುಕೊಂಡರು, ತಪ್ಪನ್ನೂ ಚಿಕ್ಕಪ್ಪನ ಕೈಯಲ್ಲೇ ಇಟ್ಟು ಹೋದರು. ಇಷ್ಟು ವರ್ಷದ ಮೇಲೂ ನನಗೆ ನುಂಗಲಾಗದ್ದು ಅದು.

ಶಿಡ್ಲಘಟ್ಟದ ಮನೆಯಂಗಳದಲ್ಲಿ ಅವರಿಗೆ ಕಡೆಯ ಸ್ನಾನ ಮಾಡಿಸಿದರು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಬಲಗೈ ಎತ್ತಿಕೊಂಡು, ಆ ಎರಡು ಬೆರಳಿನ ಸಂದಿಯನ್ನು ಸೀಗೆಪುಡಿ ಹಾಕಿ ತಿಕ್ಕತೊಡಗಿದಳು. ಹಳದಿ ಹೋಗಲಿಲ್ಲ. ನೆಂಟರು ಸಾಕೆಂದರೂ ಬಿಡಲಿಲ್ಲ. ತಿಕ್ಕುತ್ತಲೇ ಅವರ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದಳು:

"ನಿಮ್ ಕೈ ತಪ್ಪಲ್ಲಾರೀ ಇದು. ಈಗ್ಲಾದ್ರೂ ಒಪ್ಕೊಳ್ಳೀ."