ಸುಕ್ಕದಲ್ಲಿ ಸಿಕ್ಕಿದ ಉಂಗುರ

ತೆಂಗಿನತುರಿ ಹಾಕಿ ಒಣಗಿಸಿ ಬೇಯಿಸಿದ ಹಕ್ಕಿಮಾಂಸದ ಸುಕ್ಕ ಜಗಿಯುವಾಗ ಹಲ್ಲಿಗೆ ಕಟಕ್ಕೆಂದು ಸಿಕ್ಕಿದ್ದು ಮೂಳೆಯಲ್ಲ, ಅಲ್ಯೂಮಿನಿಯಂ ಉಂಗುರ! ಅದರ ಮೇಲೊಂದು ನಂಬರು, ಸಿಕ್ಕಿದವರು ತಿಳಿಸಿ ಎಂದು ಇಂಗ್ಲಿಷಿನಲ್ಲಿ ಯಾವುದೋ ದೂರದ ಊರಿನ ವಿಳಾಸ. ಅರುವತ್ತರ ದಶಕದ ಮಾತು. ನಾನು ಉಪ್ಪಿನಂಗಡಿಯಲ್ಲಿ ಶಾಲಾ ಮಾಸ್ಟ್ರಾಗಿದ್ದೆ. ಚಳಿಗಾಲಕ್ಕೆ ಪರದೇಶದಿಂದ ನಮ್ಮ ಹೊಳೆಯ ಮರಳಿಗೆ ಬಂದಿಳಿಯುವ ಉಲ್ಲಂಕಿ ಹಕ್ಕಿಗಳನ್ನು ಕೋವಿಯಿಂದ ಹೊಡೆದು ತಂದ ನೆರೆಮನೆಯ ಬಾಬಣ್ಣ, ಪ್ರೀತಿಯಿಂದ ನನ್ನನ್ನೂ ಊಟಕ್ಕೆ ಕರೆದಿದ್ದರು.

ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯಲು ಪಕ್ಷಿತಜ್ಞರು ಅವುಗಳ ಕಾಲಿಗೆ ತೊಡಿಸುವ ಉಂಗುರವದು. ಬಾಬಣ್ಣನ ಹೆಸರಿನಲ್ಲೇ ಆ ವಿಳಾಸಕ್ಕೆ ಕಾಗದ ಬರೆದೆ. ಉತ್ತರವಾಗಿ ಒಂದು ಫಾರಂ ಬಂತು. ‘ಹಕ್ಕಿಯ ಸ್ಥಿತಿ ಹೇಗಿತ್ತು?’ ಎಂಬ ಪ್ರಶ್ನೆಯ ಮುಂದೆ ನಾನು ಪೆನ್ನು ಕಚ್ಚುತ್ತ ಕೂತೆ.

“ಅದಕ್ಕೆಂತ ಯೋಚನೆ ಮಾಡುದು ಮಾಸ್ಟ್ರೇ? ಒಳ್ಳೆ ಸ್ಥಿತಿ ಅಂತ ಬರೆಯಿರಿ. ಎದೆಯಲ್ಲಿ ಎಷ್ಟು ಮಾಂಸ ಇತ್ತು ಮಾರಾಯ್ರೆ!” ಎಂದರು ಬಾಬಣ್ಣ.

‘ಸತ್ತಿತ್ತು’ ಎಂದಷ್ಟೇ ಬರೆದು ಕಳಿಸಿದೆ. ಕೆಲವು ವಾರಗಳಲ್ಲಿ ಬಾಬಣ್ಣನ ಹೆಸರಿಗೆ ಅಚ್ಚುಹಾಕಿದ ಪತ್ರ ಬಂತು: ಹಕ್ಕಿಗಳ ರಕ್ಷಣೆಗೆ ನೆರವಾದ ತಮಗೆ ಧನ್ಯವಾದಗಳು. ಬಾಬಣ್ಣ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಗೋಡೆಯಲ್ಲಿ ಕೋವಿಯ ಪಕ್ಕವೇ ತೂಗುಹಾಕಿದರು.

ಈಗ ಆ ಮರಳಿನಲ್ಲಿ ಉಲ್ಲಂಕಿ ಕಾಣುವುದೇ ಅಪರೂಪ. ಆ ಗೋಡೆಯನ್ನು ನೆನೆದು ನಗುವ ಹಕ್ಕು ನನಗೂ ಇಲ್ಲ. ಅಂದು ಉಂಗುರವನ್ನು ಒರೆಸಿ ಜೇಬಿಗಿಟ್ಟ ಮೇಲೆ, “ಇನ್ನೂ ಸ್ವಲ್ಪ ಹಾಕಿ” ಎಂದು ಬಟ್ಟಲು ಚಾಚಿದವನು ನಾನೇ.