ತುಟಿಯ ಜೊತೆಗೇ ಮಾತು ಬರಬೇಕು

ಬೀದಿ ಇನ್ನೂ ಎದ್ದಿಲ್ಲ. ಮುಂದಿನ ಕೋಣೆಯ ಮೇಜಿನ ಮೇಲೆ ದಪ್ಪ ಪುಸ್ತಕದ ಗಾತ್ರದ ಕಪ್ಪು ಡಬ್ಬವೊಂದು ಓಡುತ್ತಿದೆ. ನಲವತ್ತಮೂರರ ಹೆಂಗಸೊಬ್ಬರು ಅದಕ್ಕೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಒಳಗಿನ ಫ್ಯಾನು ತೇಕುತ್ತಿದೆಯೇ, ಗೊರಗುಟ್ಟುತ್ತಿದೆಯೇ ಎಂದು ತಿಳಿಯಬೇಕಾದರೆ ಹಾಲಿನ ಗಾಡಿ ಬರುವ ಮೊದಲೇ ಕೇಳಿಬಿಡಬೇಕು.

ಎದುರಿನ ಟಿವಿಯಿಂದ ಎರಡು ಮಾರು ದೂರದಲ್ಲಿ ಅವರ ಅತ್ತೆ ಕೂತಿದ್ದಾರೆ. ವಯಸ್ಸು ಎಪ್ಪತ್ತೊಂದು. ಪರದೆಯಲ್ಲಿ ಯಾರೋ ಸುದ್ದಿ ಓದುತ್ತಿದ್ದಾರೆ. ಅತ್ತೆಗೆ ಸುದ್ದಿ ಬೇಕಿಲ್ಲ, ಅವರು ನೋಡುತ್ತಿರುವುದು ಓದುವವಳ ಬಾಯಿ. ಒಂದು ನಿಮಿಷವಾಗುತ್ತದೆ. ಅಂಗೈ ಅಲ್ಲಾಡಿಸುತ್ತಾರೆ.

"ಇಲ್ಲ ಕಣೇ. ಬಾಯಿ ಮುಚ್ಚಿದ ಮೇಲೂ ಮಾತು ಬರ್ತಾ ಇದೆ."

"ನನಗೇನೂ ಗೊತ್ತಾಗ್ತಿಲ್ವಲ್ಲ ಅತ್ತೆ?"

"ನಿನಗೆ ಕಿವಿ ಇದೆ. ಅದಕ್ಕೇ ಗೊತ್ತಾಗಲ್ಲ."

ಸೊಸೆ ತಿರುಪುಳಿ ಎತ್ತಿಕೊಳ್ಳುತ್ತಾರೆ. ಈ ಡಬ್ಬ ಮಧ್ಯಾಹ್ನದ ಹೊತ್ತಿಗೆ ಒಬ್ಬ ಬಸ್ ಚಾಲಕರ ಮನೆ ಸೇರಬೇಕು.

ಗಿರಾಕಿಗಳು ಈ ಸೊಸೆಯನ್ನು ಕರೆಯುವುದು ಡಬ್ಬದಕ್ಕ ಎಂದು. ಕಚೇರಿ ಯಂತ್ರಗಳನ್ನು ಮಾರುವ ಕಂಪನಿಯೊಂದರ ದುರಸ್ತಿ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದವರು. ದುರಸ್ತಿ ಮಾಡುವುದಕ್ಕಿಂತ ಹೊಸದು ಮಾರುವುದೇ ಲಾಭ ಎಂದು ಕಂಪನಿ ಆ ವಿಭಾಗಕ್ಕೆ ಬೀಗ ಹಾಕಿತು. ಅಂದಿನಿಂದ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಚೇರಿಗಳು ಹೊರಹಾಕಿದ ಕಂಪ್ಯೂಟರುಗಳನ್ನು ಕೊಂಡು, ಬಿಚ್ಚಿ, ಒಳ್ಳೆಯದನ್ನು ಆರಿಸಿ, ಮನೆಯಲ್ಲಿ ಸಿನಿಮಾ, ಧಾರಾವಾಹಿ, ಪಾಠ ನೋಡುವವರಿಗೆ ಕಡಿಮೆ ಖರ್ಚಿನ ಡಬ್ಬ ಕಟ್ಟಿಕೊಡುತ್ತಾರೆ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು. ಇದುವರೆಗೆ ಆರುನೂರ ಚಿಲ್ಲರೆ ಹೊರಟುಹೋಗಿವೆ. ಮರಳಿ ಬಂದದ್ದು ಏಳು.

"ಹೊರಗಿನ ಪೆಟ್ಟಿಗೆ ಹಳೇದಾಗಲಿ, ಮೆಮೊರಿ ಹಳೇದಾಗಲಿ, ಚಿಂತೆಯಿಲ್ಲ. ಕರೆಂಟು ಕೊಡೋ ಪವರ್ ಸಪ್ಲೈ ಮಾತ್ರ ಹೊಸದೇ ಬೇಕು," ಎನ್ನುತ್ತಾರೆ. "ಅದು ಸಾಯೋವಾಗ ಒಂಟಿಯಾಗಿ ಸಾಯಲ್ಲ, ಮನೆಮಂದಿನೆಲ್ಲ ಕರ್ಕೊಂಡು ಹೋಗುತ್ತೆ."

ಚಾಲಕರು ಮೊದಲ ಸಲ ಬಂದಾಗ ಕೈಯಲ್ಲೊಂದು ಪಟ್ಟಿಯಿತ್ತು. ಡಿಪೋದ ಗೆಳೆಯ ಬರೆದುಕೊಟ್ಟದ್ದು. ದೊಡ್ಡ ಪ್ರೊಸೆಸರ್, ಆಟ ಆಡುವವರು ಹಾಕಿಸಿಕೊಳ್ಳುವ ಗ್ರಾಫಿಕ್ಸ್ ಕಾರ್ಡ್, ಏಳು ಬಣ್ಣದ ದೀಪ.

"ದೀಪ ಯಾಕಣ್ಣ? ಬಸ್ಸಿಗಾ?" ಎಂದು ಕೇಳಿದರು ಡಬ್ಬದಕ್ಕ.

ಚಾಲಕರು ನಗಲಿಲ್ಲ. "ನನಗಲ್ಲ ಅಕ್ಕ. ನನ್ನ ಹೆಂಡತಿಗೆ," ಎಂದರು.

ಎಂಟು ತಿಂಗಳ ಹಿಂದೆ ಅವರ ಹೆಂಡತಿಗೆ ಪಾರ್ಶ್ವವಾಯು ಹೊಡೆದಿದೆ. ಬಲಗೈ ಅರ್ಧ ಮರಳಿದೆ. ಮಾತು ಮರಳಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರು ಇಂಟರ್‌ನೆಟ್ಟಿನಲ್ಲಿ ಪಾಠದ ವೀಡಿಯೊ ಕಳಿಸುತ್ತಾರೆ. ಟೀಚರ ತುಟಿ ನೋಡುತ್ತ, ದನಿ ಕೇಳುತ್ತ, ಅವರ ಜೊತೆಜೊತೆಗೇ ಹೇಳಬೇಕು. ಫೋನಿನಲ್ಲಿ ಬಾಯಿ ಕಡಲೆ ಕಾಳಿನಷ್ಟು ಕಾಣುತ್ತದೆ, ಚಿತ್ರ ನಿಂತು ನಿಂತು ಬರುತ್ತದೆ. ಆಕೆ ಎರಡೇ ನಿಮಿಷಕ್ಕೆ ಗೋಡೆ ಕಡೆ ತಿರುಗಿಬಿಡುತ್ತಾರೆ. ಹೀಗೇ ಬಿಟ್ಟರೆ ಕಲಿಯುವ ಹೊತ್ತು ಮೀರಿಹೋಗುತ್ತದೆ ಎಂದು ಟೀಚರು ಎಚ್ಚರಿಸಿದ್ದಾರೆ.

ಡಬ್ಬದಕ್ಕ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದರು. ದೊಡ್ಡ ಹಳೆಯ ಪ್ರೊಸೆಸರಿನ ಬದಲು ಚಿಕ್ಕದು, ಆದರೆ ಈಚಿನದು. ಗ್ರಾಫಿಕ್ಸ್ ಕಾರ್ಡ್ ಬೇಡ. ಉಳಿದ ಹಣಕ್ಕೆ ದೊಡ್ಡ ಪರದೆ. "ಈಗಿನ ವೀಡಿಯೊ ಚಿಕ್ಕದಾಗಿ ಕುಗ್ಗಿ, ಬಿಗಿಯಾಗಿ ಗಂಟು ಕಟ್ಟಿಕೊಂಡು ಬರುತ್ತೆ," ಎಂದು ವಿವರಿಸುತ್ತಾರೆ. "ಗಂಟು ಬಿಚ್ಚೋಕೆ ಪೈಲ್ವಾನ್ ಯಾಕೆ? ಆ ಗಂಟಿನ ಪರಿಚಯ ಇರೋ ಬೆರಳು ಸಾಕು."

ಇದನ್ನು ಅವರು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ, ಸ್ವಂತ ಮನೆಯಲ್ಲಿ. ಐದು ವರ್ಷದ ಹಿಂದೆ ಅತ್ತೆಗೆಂದು ಒಂದು ಡಬ್ಬ ಕಟ್ಟಿದ್ದರು. ಊರಿಗೆಲ್ಲ ಆರಿಸಿ ಕೊಡುವ ಕೈ ಮನೆಗೆ ಮಾತ್ರ ಅಳಿದುಳಿದದ್ದನ್ನು ಜೋಡಿಸಿತ್ತು. ಅದರಲ್ಲೊಂದು ದೊಡ್ಡ ಹೆಸರಿನ, ಹಳೆಯ ಪ್ರೊಸೆಸರ್. ಅತ್ತೆಗೆ ಆಗಲೇ ಕಿವಿ ಮಂದವಾಗುತ್ತಿತ್ತು. ಅರ್ಧ ಕಿವಿಯಲ್ಲಿ, ಅರ್ಧ ತುಟಿ ನೋಡಿ ಮಾತು ತಿಳಿಯುವುದನ್ನು ತಮ್ಮಷ್ಟಕ್ಕೆ ರೂಢಿ ಮಾಡಿಕೊಂಡಿದ್ದರು. ಹಳೆಯ ಪ್ರೊಸೆಸರು ಗಂಟು ಬಿಚ್ಚಲಾರದೆ ಏಗುತ್ತಿತ್ತು. ದನಿ ಮುಂದೆ ಹೋಗಿ, ಚಿತ್ರ ಹಿಂದೆ ಉಳಿಯುತ್ತಿತ್ತು. ಉಳಿದವರಿಗೆ ಅದು ಕಣ್ಣಿಗೇ ಬೀಳದಷ್ಟು ಸಣ್ಣ ವ್ಯತ್ಯಾಸ. ಅತ್ತೆಗೆ ಮಾತ್ರ ಜಗತ್ತೇ ಕಲಸಿಹೋಯಿತು. ತಮ್ಮ ತಲೆಯೇ ಕೆಡುತ್ತಿದೆ ಎಂದುಕೊಂಡು ಯಾರಿಗೂ ಹೇಳದೆ ಟಿವಿಗೆ ಬೆನ್ನು ಹಾಕಿದರು. ಸಂಜೆಯೆಲ್ಲ ಒಳಗೆ ಕೂತು, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದರು.

ಹೀಗೆ ಹನ್ನೊಂದು ತಿಂಗಳು. ಒಂದು ದಿನ ಕಿವಿಯ ವೈದ್ಯರ ಮುಂದೆ ಅತ್ತೆ ಬಾಯಿಬಿಟ್ಟರು: "ಎದುರಿಗೆ ಕೂತೋರು ಮಾತಾಡಿದ್ರೆ ತಿಳಿಯುತ್ತೆ ಡಾಕ್ಟ್ರೇ. ಟಿವಿಯೋರದ್ದು ಮಾತ್ರ ಬಾಯಿ ಒಂದು ಹೇಳುತ್ತೆ, ಮಾತು ಇನ್ನೊಂದು ಹೇಳುತ್ತೆ." ಪಕ್ಕದಲ್ಲಿ ನಿಂತಿದ್ದ ಸೊಸೆಗೆ ತಾವೇ ಕಟ್ಟಿದ ಡಬ್ಬ ನೆನಪಾಯಿತು. ಮನೆಗೆ ಬಂದವರೇ ಡಬ್ಬ ಬಿಚ್ಚಿದರು.

"ಏನ್ ಬೇಕಾದ್ರೂ ಹುಡುಕಿ ತರಬಲ್ಲೆ," ಎನ್ನುತ್ತಾರೆ. "ಆ ಹನ್ನೊಂದು ತಿಂಗಳು ವಾಪಸ್ ಕೊಡೋ ಪಾರ್ಟು ಮಾತ್ರ ಎಲ್ಲೂ ಸಿಗಲ್ಲ."

ಅತ್ತೆ ಅದನ್ನು ಎತ್ತಿ ಆಡಿದವರಲ್ಲ. ಮರುವಾರ ತಾವೇ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತರು: "ಇನ್ನೊಬ್ಬ ಮುದುಕಿಗೆ ಹೀಗಾಗಬಾರದು. ತೋರಿಸು." ಅಂದಿನಿಂದ ಅವರು ಒಪ್ಪದ ಡಬ್ಬ ಹೊಸಿಲು ದಾಟಿಲ್ಲ. ಕೂಲಿ ಎಷ್ಟೆಂದು ಯಾರಾದರೂ ಕೇಳಿದರೆ, "ಸೊಸೆಯ ಕೆಲಸದಲ್ಲಿ ತಪ್ಪು ಹುಡುಕೋಕೆ ಯಾವ ಅತ್ತೆ ಕೂಲಿ ಕೇಳ್ತಾಳೆ?" ಎಂದು ಬಾಯಿ ಮುಚ್ಚಿಸುತ್ತಾರೆ.

ಮೇಜಿನ ಮೇಲಿನ ಡಬ್ಬ ಇನ್ನೂ ಒಪ್ಪಿಗೆಯಾಗಿಲ್ಲ. ಡಬ್ಬದಕ್ಕ ಮೆಮೊರಿ ಬದಲಿಸುತ್ತಾರೆ. ಅತ್ತೆ ಅಂಗೈ ಅಲ್ಲಾಡಿಸುತ್ತಾರೆ. ಸೊಸೆ ಬೇರೆ ತಂತಿ ಹಾಕುತ್ತಾರೆ. ಮತ್ತೆ ಅಂಗೈ. ಬೀದಿಯಲ್ಲಿ ಷಟರುಗಳು ಏಳತೊಡಗಿವೆ. ಹಣೆ ಒರೆಸಿಕೊಂಡು ಎಲ್ಲವನ್ನೂ ಒಂದು ಸುತ್ತು ನೋಡುವಾಗ ಡಬ್ಬದಕ್ಕನ ಕಣ್ಣು ಟಿವಿಯ ಪಕ್ಕದ ದುಂಡನೆಯ ಸ್ಪೀಕರಿನ ಮೇಲೆ ನಿಲ್ಲುತ್ತದೆ. ತಂತಿಯಿಲ್ಲದ್ದು. ಡಿಪೋದವರೆಲ್ಲ ಸೇರಿ ಕೊಟ್ಟ ಉಡುಗೊರೆ, ಇದನ್ನೇ ಬಳಸಿ ಎಂದು ಚಾಲಕರು ಬಿಟ್ಟುಹೋಗಿದ್ದಾರೆ. ಗಾಳಿಯಲ್ಲಿ ಹಾದು ಸ್ಪೀಕರು ಸೇರುವಷ್ಟರಲ್ಲಿ ದನಿ ಕೂದಲೆಳೆಯಷ್ಟು ತಡವಾಗುತ್ತಿದೆ. ಅವರು ಅದನ್ನು ಬಂದ್ ಮಾಡಿ, ಹಳೆಯ ಪೆಟ್ಟಿಗೆಯಿಂದ ತಂತಿ ಸ್ಪೀಕರಿನ ಜೋಡಿಯೊಂದನ್ನು ತೆಗೆದು ಸಿಕ್ಕಿಸುತ್ತಾರೆ.

ಅತ್ತೆ ಮುಂದಕ್ಕೆ ಬಾಗುತ್ತಾರೆ. ಓದುವವಳ ಬಾಯಿಯನ್ನೇ ನೋಡುತ್ತಾರೆ. ಆಮೇಲೆ, "ಈಗ ಬಾಯಿ, ಮಾತು ಗಂಡ ಹೆಂಡತಿ ಹಾಗಿವೆ. ಒಟ್ಟಿಗೆ ನಡೀತಾ ಇವೆ," ಎನ್ನುತ್ತಾರೆ.

ಚಾಲಕರ ಮನೆ ಎರಡನೇ ಮಹಡಿ. ಅತ್ತೆ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಹತ್ತುತ್ತಾರೆ. ಡಬ್ಬದಕ್ಕ ಮಂಚದ ಎದುರು ಪರದೆ ನಿಲ್ಲಿಸಿ ಪಾಠ ಹಾಕುತ್ತಾರೆ. ಟೀಚರ ಮುಖ ಈಗ ನಿಜವಾದ ಮುಖದಷ್ಟೇ ದೊಡ್ಡದು. ಎರಡು ನಿಮಿಷ ಕಳೆಯುತ್ತದೆ. ಮಂಚದ ಮೇಲಿನ ಹೆಂಗಸು ಗೋಡೆ ಕಡೆ ತಿರುಗುವುದಿಲ್ಲ. ಐದಾಗುತ್ತದೆ. ಹತ್ತಾಗುತ್ತದೆ. ಟೀಚರು "ನೀರು" ಎಂದಾಗ ಆಕೆಯ ತುಟಿಯೂ ಅಲುಗುತ್ತದೆ. ದನಿ ಇಲ್ಲ. ಚಾಲಕರು ಮಂಚದ ಅಂಚು ಹಿಡಿದುಕೊಂಡು ನಿಂತಿದ್ದಾರೆ.

ಇಪ್ಪತ್ತನೆಯ ನಿಮಿಷಕ್ಕೆ ಆಕೆ ಗಂಡನ ಕಡೆ ಮುಖ ತಿರುಗಿಸಿ ಮತ್ತೆ ತುಟಿ ಆಡಿಸುತ್ತಾರೆ. ಕೋಣೆಯಲ್ಲಿ ಟೀಚರ ದನಿ ಮಾತ್ರ.

"ನಿಲ್ಸಪ್ಪ," ಎನ್ನುತ್ತಾರೆ ಅತ್ತೆ. "ಸಾಕು ಅಂತಿದಾಳೆ."

"ಪಾಠದಲ್ಲಿ ಆ ಪದ ಇಲ್ವಲ್ಲಮ್ಮ."

"ಪಾಠದ್ದಲ್ಲ. ಅವಳದೇ ಮಾತು. ನಿನಗೇ ಹೇಳಿದ್ದು."

ಚಾಲಕರು ಹೆಂಡತಿಯ ಮುಖ ನೋಡುತ್ತಾರೆ. ಆಕೆ ಕಣ್ಣು ಮುಚ್ಚಿ, ತೆರೆದು, ಹೌದೆನ್ನುತ್ತಾರೆ. ಅವರು ಪಾಠ ನಿಲ್ಲಿಸುತ್ತಾರೆ. "ಎಂಟು ತಿಂಗಳಾಯ್ತಮ್ಮ, ಇವಳು ನನಗೊಂದು ಗದರಿಕೆ ಹಾಕಿ," ಎನ್ನುತ್ತಾರೆ.

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಚಾಲಕರಿಗೆ ಹೇಳುತ್ತಾರೆ: "ಇವಳಿಗೆ ದನಿ ಬಂದ ದಿನ ನನ್ನ ಸೊಸೆಗೆ ಫೋನ್ ಮಾಡು. ನನಗೆ ಕೇಳಿಸಲ್ಲ."

ಇದಾಗಿ ಒಂಬತ್ತು ದಿನ. ಮೇಜಿನ ಮೇಲೆ ಬೇರೆಯವರ ಡಬ್ಬ ಬಿಚ್ಚಿಕೊಂಡಿದೆ. ಚಾಲಕರ ಮನೆಯಲ್ಲಿ ದಿನಕ್ಕೆ ಎರಡು ಪಾಠ ನಡೆಯುತ್ತಿವೆಯಂತೆ. ಆ ಫೋನು ಇನ್ನೂ ಬಂದಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಡಬ್ಬದಕ್ಕ ತಿರುಪು ಬಿಗಿಯುತ್ತಲೇ ಹೇಳುತ್ತಾರೆ:

"ಆಸೆ ಅಂತ ದೊಡ್ಡದೇನಿಲ್ಲ. ಫೋನ್ ಬಂದಾಗ ಅತ್ತೆ ನನ್ನ ಎದುರಿಗೇ ಇರಬೇಕು. ಆ ಅಣ್ಣನ ಹೆಂಡತಿ ಏನಂದಳೋ ಅದನ್ನ ನಾನು ನಿಧಾನವಾಗಿ, ಬಾಯ್ತುಂಬ ಹೇಳ್ತೀನಿ. ಅವರು ನನ್ನ ತುಟಿ ನೋಡಿ ತಿಳ್ಕೊತಾರೆ."