ಸುಬ್ರಾಯರನ್ನು ಎಬ್ಬಿಸಿದ್ದು

ಗೆಳೆಯರೇ, ಇವತ್ತು ನಮ್ಮ ಕುಂದಾಪುರದ ಐಸಿಯುನಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಸುಬ್ರಾಯರು ನ್ಯುಮೋನಿಯಾ ಆಗಿ ವೆಂಟಿಲೇಟರಿನಲ್ಲಿದ್ದಾರೆ. ಮಂಪರಿನ ಔಷಧಿಯನ್ನು ಬೆಳಿಗ್ಗೆಯೇ ನಿಲ್ಲಿಸಿದ್ದೇವೆ. ಅವರು ಎಚ್ಚರಾಗಿ, ಹೇಳಿದ್ದನ್ನು ಕೇಳಿದರೆ ಮಾತ್ರ ಉಸಿರಿನ ಕೊಳವೆ ತೆಗೆಯುವ ಯೋಚನೆ. ನಮ್ಮಲ್ಲಿ ತಜ್ಞರಿಲ್ಲ, ಬೆಂಗಳೂರಿನ ಡಾಕ್ಟರು ವಿಡಿಯೋದಲ್ಲಿ ನೋಡುತ್ತಾರೆ. "ಹೆಸರು ಹಿಡಿದು ಜೋರಾಗಿ ಕರೀರಿ ಸಿಸ್ಟರ್" ಎಂದರು. ಗಂಟಲು ಹರಿಯುವಷ್ಟು ಕರೆದೆ. ರೆಪ್ಪೆಯೂ ಅಲುಗಲಿಲ್ಲ.

"ಹಾಗಾದ್ರೆ ಅವರ ಹೆಂಡತಿ ಕರೀಲಿ" ಎಂದರು. ಗುಲಾಬಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಗಂಡನ್ ಹೆಸ್ರ್ ಹೇಳೂಕಾತ್ತಾ? ಮದಿ ಆದ್ ಮೇಲ್ ಒಂದ್ ಸಲೂ ಹೇಳ್ಲಿಲ್ಲ."

"ಅಮ್ಮಾ, ಅವರು ಏಳಬೇಕೋ ಬೇಡವೋ?" ಪರದೆಯಲ್ಲೇ ಡಾಕ್ಟರು ರೇಗಿದರು.

ಗುಲಾಬಕ್ಕನಿಗೂ ಸಿಟ್ಟು ಬಂತು, ಹೆಸರು ಮಾತ್ರ ಬರಲಿಲ್ಲ. ಗಂಡನ ಕಿವಿಯ ಹತ್ತಿರ ಬಗ್ಗಿ, "ಹ್ವಾಯ್! ಇಲ್ಕಾಣಿ! ಎಷ್ಟ್ ಹೊತ್ ಮನಿಕಂತ್ರಿ?" ಎಂದು ಕೂಗಿದರು. ಪಕ್ಕದ ಹಾಸಿಗೆಯ ಗಂಡಸೂ ಬೆಚ್ಚಿ ತಿರುಗಿದರು. ಸುಬ್ರಾಯರು ಕಣ್ಣು ಬಿಟ್ಟರು. "ಕೈ ಹಿಡ್ಕಣಿ" ಎಂದು ಗುಲಾಬಕ್ಕ ಅಂದದ್ದೇ ತಡ, ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದರು. ಗುಲಾಬಕ್ಕ ಅತ್ತೇಬಿಟ್ಟರು.

"ಹ್ವಾಯ್ ಅಂದ್ರೇನು ಸಿಸ್ಟರ್?" ಡಾಕ್ಟರು ಮೆತ್ತಗೆ ಕೇಳಿದರು.

"ನಮ್ಮೂರ ಗಂಡಂದಿರ ಹೆಸರು ಸರ್" ಎಂದೆ.

ಗುಲಾಬಕ್ಕ ಚಾ ಕುಡಿಯಲು ಹೋದಾಗ ನಾನೂ ಒಮ್ಮೆ "ಹ್ವಾಯ್" ಎಂದು ನೋಡಿದೆ. ಸುಬ್ರಾಯರು ಕಣ್ಣು ಬಿಟ್ಟು, ನನ್ನ ಮುಖ ಕಂಡು, ಮತ್ತೆ ಮುಚ್ಚಿಕೊಂಡರು.